ಸೈಕಲ್ ಪಂದ್ಯದ ಮೊದಲ ಸ್ಥಾನ, ಮಗಳ ಮೊದಲ ಗೌರಿ

ಯಾವ ಕೆಲಸಕ್ಕೂ ಸರಿಯಾದ ಪದ್ಧತಿ ಒಂದೇ ಇರುತ್ತದೆ, ಮಿಕ್ಕವೆಲ್ಲ ಸೋಮಾರಿಗಳು ಕಂಡುಹಿಡಿದ ಅಡ್ಡದಾರಿಗಳು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಈ ನಂಬಿಕೆಗೆ ನನ್ನ ಉದ್ಯೋಗವೇ ಕಾರಣ. ಸ್ಟೇಷನ್ ಮಾಸ್ಟರಾದವನಿಗೆ ಯಾವ ಗಾಡಿ ಮೊದಲು ಬಂತು ಎಂಬ ವಿಷಯದಲ್ಲಿ ಎರಡು ಅಭಿಪ್ರಾಯ ಇರುವಂತಿಲ್ಲ. ಮೊದಲು ಬಂದದ್ದು ಮೊದಲನೆಯದು, ಆಮೇಲೆ ಬಂದದ್ದು ಎರಡನೆಯದು, ಬಾರದೇ ಉಳಿದದ್ದರ ಬಗ್ಗೆ ಮೇಲಿನವರಿಗೆ ವರದಿ ಬರೆಯಬೇಕು. ರೈಲು ಹಳಿ ಚಾಮರಾಜನಗರಕ್ಕೆ ಬಂದು ಮುಗಿಯುತ್ತದೆ. ನನ್ನ ಸರ್ವೀಸೂ ಅಲ್ಲೇ ಮುಗಿಯಿತು. ನಮ್ಮ ಹಿರಿಯರ ಊರೂ ಅದೇ ಆದ್ದರಿಂದ ಅಲ್ಲೇ ನೆಲೆಸಿದೆ. ನಿವೃತ್ತನಾದ ಮೇಲೂ ಏಳುವುದು, ಸ್ನಾನ, ಕಾಫಿ, ಪೇಟೆಗೆ ಹೋಗಿಬರುವುದು ಎಲ್ಲವೂ ವೇಳಾಪಟ್ಟಿಯಂತೆಯೇ ನಡೆಯುತ್ತಿತ್ತು. ನನ್ನ ಹೆಂಡತಿ ನಾಗಮ್ಮ ಊಟಕ್ಕೆ ಎಲೆ ಹಾಕುವುದು ತಡವಾದರೆ ನಾನು ಕೋಪಿಸಿಕೊಳ್ಳುತ್ತಿರಲಿಲ್ಲ. ಸುಮ್ಮನೆ ಗಡಿಯಾರ ನೋಡುತ್ತಿದ್ದೆ. ಅದು ಕೋಪಕ್ಕಿಂತ ಕೆಟ್ಟದ್ದೆಂದು ಅವಳ ಅಭಿಪ್ರಾಯ. ಇಂಥ ನಾನು, ನಾಲ್ಕು ಊರಿನ ಹುಡುಗರು ಸೈಕಲ್ ತುಳಿದದ್ದರಲ್ಲಿ ಯಾವ ಊರು ಮೊದಲು ಎಂದು ಹೇಳಲಾರದೆ ಒಂದು ಮಳೆಗಾಲವನ್ನೇ ಕಳೆದೆ.

ಆ ಆಟವನ್ನು ನಮ್ಮ ಸೀಮೆಗೆ ತಂದವನು ಗುಂಡ್ಲುಪೇಟೆಯ ಮಿಲಿಟರಿ ಸಿದ್ದಪ್ಪ. ಯುದ್ಧದಲ್ಲಿ ಲಾರಿ ಓಡಿಸಲು ಹೋಗಿದ್ದವನು ಯಾವುದೋ ದೂರದ ಪಟ್ಟಣದಲ್ಲಿ, ಬಾಂಬು ಬಿದ್ದು ಬಯಲಾದ ಜಾಗದಲ್ಲಿ ಹುಡುಗರು ಸೈಕಲ್ಲಿನಲ್ಲಿ ಸುತ್ತು ಹೊಡೆಯುವುದನ್ನು ನೋಡಿದ್ದನಂತೆ. ದೊಡ್ಡವರು ಇದನ್ನೇ ಮೋಟಾರ್ ಸೈಕಲ್ಲಿನಲ್ಲಿ ಆಡುತ್ತಾರೆ, ತಿರುವಿನಲ್ಲಿ ಎಡಗಾಲು ನೆಲಕ್ಕೆ ಊರಿ ಮಣ್ಣು ಚಿಮ್ಮಿಸುತ್ತಾ ಜಾರಿಕೊಂಡು ಹೋಗುತ್ತಾರೆ ಎಂದು ವರ್ಣಿಸುತ್ತಿದ್ದ. ನಮ್ಮ ಕಡೆ ಮೋಟಾರ್ ಸೈಕಲ್ ಎಲ್ಲಿಂದ ಬರಬೇಕು? ಬಾಡಿಗೆ ಸೈಕಲ್ಲಿಗೆ ಬರವಿರಲಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳವಂತೂ ಪ್ರತಿ ಊರಿಗೂ ಒಂದಿತ್ತು. ಒಂದು ಓಟಕ್ಕೆ ನಾಲ್ವರು, ಊರಿಗೆ ಇಬ್ಬರಂತೆ. ನಾಲ್ಕು ಸುತ್ತು. ಮೊದಲು ಬಂದವನಿಗೆ ಮೂರು ಅಂಕ, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಧೂಳು. ಹೀಗೆ ಸಂಜೆಯವರೆಗೆ ಓಡಿಸಿ ಕೂಡಿದಾಗ ಯಾರ ಅಂಕ ಹೆಚ್ಚೋ ಆ ಊರು ಪಂದ್ಯ ಗೆದ್ದಂತೆ. ಚಾಮರಾಜನಗರ, ಗುಂಡ್ಲುಪೇಟೆ, ತೆರಕಣಾಂಬಿ, ಪುಣಜನೂರು ಈ ನಾಲ್ಕೂ ಸೇರಿದವು. ಪ್ರತಿ ಊರೂ ಮಿಕ್ಕ ಮೂರು ಊರಿಗೆ ಹೋಗಿ ಆಡಬೇಕು, ಮಿಕ್ಕ ಮೂರನ್ನು ತನ್ನ ಕೆರೆಗೆ ಕರೆದು ಆಡಿಸಬೇಕು. ನನ್ನನ್ನು ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ನನ್ನ ಬಳಿ ಒಂದು ಕೈಗಡಿಯಾರ, ಒಂದು ಹಸಿರು ಬಾವುಟ, ಒಂದು ಕೆಂಪು ಬಾವುಟ ಇದ್ದವು. ಬೇರೆ ಯೋಗ್ಯತೆಯನ್ನು ಯಾರೂ ಕೇಳಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರಿಗೂ ಗುಂಡ್ಲುಪೇಟೆಗೂ ಹಿಂದಿನಿಂದ ಒಂದು ಪೈಪೋಟಿ ಇದೆ. ನಮಗೆ ರೈಲಿದೆ ಎಂಬ ಹೆಮ್ಮೆ ನಮ್ಮದು. ಊಟಿಗೆ ಹೋಗುವ ದೊಡ್ಡ ಮನುಷ್ಯರ ಕಾರುಗಳೆಲ್ಲ ತಮ್ಮ ಬೀದಿಯಲ್ಲೇ ಹಾಯಬೇಕೆಂಬ ಹೆಮ್ಮೆ ಅವರದು. ಕಾರುಗಳು ಹಾಯುತ್ತವೆ, ನಿಲ್ಲುವುದಿಲ್ಲ ಎಂದು ನಾವು ಹೇಳುತ್ತೇವೆ. ರೈಲು ನಿಮ್ಮೂರಲ್ಲಿ ನಿಂತದ್ದು ಪ್ರೀತಿಗಲ್ಲ, ಮುಂದೆ ಹಳಿ ಇಲ್ಲದ್ದಕ್ಕೆ ಎಂದು ಅವರು ಹೇಳುತ್ತಾರೆ. ಇದೆಲ್ಲ ತಿಳಿದೂ ನಾನು ಆ ವರ್ಷವೇ ನನ್ನ ಒಬ್ಬಳೇ ಮಗಳು ಸರೋಜಳನ್ನು ಗುಂಡ್ಲುಪೇಟೆಗೆ ಕೊಡಲು ಒಪ್ಪಿದ್ದೆ. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ಒಳ್ಳೆಯವನು, ಹೊತ್ತಿಗೆ ಸರಿಯಾಗಿ ಬರುವವನು. ಅವನ ತಂದೆ ಮಹದೇವಪ್ಪನವರು ಹೊಲಮನೆ ಇರುವ ಗಟ್ಟಿ ಕುಳ. ಹುಡುಗ ಗುಂಡ್ಲುಪೇಟೆ ತಂಡದ ಮುಖ್ಯ ಸವಾರನೆಂದೂ ಮಹದೇವಪ್ಪನವರೇ ಆ ತಂಡದ ಯಜಮಾನರೆಂದೂ ನಿಶ್ಚಿತಾರ್ಥ ಆದಮೇಲೆ ಗೊತ್ತಾಯಿತು. ಜಾತಕ ನೋಡುವವರು ಇದನ್ನೆಲ್ಲ ನೋಡುವುದಿಲ್ಲ.

ಪಂದ್ಯಗಳು ಸೊಗಸಾಗಿ ನಡೆದವು. ಗುಂಡ್ಲುಪೇಟೆಯವರು ಸೈಕಲ್ಲುಗಳನ್ನು ಬಸ್ಸಿನ ತಲೆಯ ಮೇಲೆ ಹಾಕಿಕೊಂಡು ಬರುತ್ತಿದ್ದರು. ನಮ್ಮೂರ ತಂಡದ ನಾಯಕ ಸೈಕಲ್ ಶಾಪಿನ ರಾಚಪ್ಪ. ಅವನ ತಂಡಕ್ಕೆ ಪಂಚರಿನ ಭಯವಿರಲಿಲ್ಲ, ಪ್ಯಾಚು ಹಾಕುವ ಸರಂಜಾಮನ್ನೆಲ್ಲ ಹೊತ್ತುಕೊಂಡೇ ಹೋಗುತ್ತಿದ್ದ. ಪುಣಜನೂರಿನವರು ಕಾಡಂಚಿನಿಂದ ಸೈಕಲ್ ತುಳಿದುಕೊಂಡೇ ಬಂದು, ಅದೇ ಸೈಕಲ್ಲಿನಲ್ಲಿ ಪಂದ್ಯ ಆಡಿ, ಅದೇ ಸೈಕಲ್ಲಿನಲ್ಲಿ ಊರಿಗೆ ಹೋಗುತ್ತಿದ್ದರು. ಅವರ ಟೈರಿನೊಳಗೆ ಟ್ಯೂಬೇ ಇರಲಿಲ್ಲ, ಒಣಹುಲ್ಲು ತುರುಕಿದ್ದರು. ಹೀಗಾಗಿ ಪರಊರಿನಲ್ಲಿ ಅವರು ಎಲ್ಲರಿಗಿಂತ ಹಿಂದೆ. ಆದರೆ ಗುಂಡ್ಲುಪೇಟೆಯವರು ಪುಣಜನೂರಿಗೆ ಹೋದ ದಿನ ಅಲ್ಲಿನ ಕೆರೆಯಂಗಳದ ತುಂಬಾ ಜಾಲಿಮುಳ್ಳು. ಟ್ಯೂಬುಗಳೆಲ್ಲ ಒಂದರ ಹಿಂದೊಂದು ಉಸಿರು ಬಿಟ್ಟವು. ಹುಲ್ಲು ಗೆದ್ದಿತು, ಅದೂ ಭಾರೀ ಅಂತರದಲ್ಲಿ. ಕೊನೆಯ ಪಂದ್ಯ ನಮ್ಮ ಕೆರೆಯಲ್ಲಿ, ನಮ್ಮೂರಿಗೂ ಗುಂಡ್ಲುಪೇಟೆಗೂ. ಕೊನೆಯ ಓಟದಲ್ಲಿ ನನ್ನ ಭಾವೀ ಅಳಿಯ ಮುಂದಿದ್ದವನು ತಿರುವಿನಲ್ಲಿ ಜಾರಿ ಬಿದ್ದ. ಪಂದ್ಯ ಸಮವಾಯಿತು. ಮುಂದಿನ ವಾರ ಅವನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಸಪ್ತಪದಿ ತುಳಿದ. ಬೀಗರ ಕಡೆಯವರು ಮದುವೆ ಊಟದ ಪಂಕ್ತಿಯಲ್ಲೂ ಅವನನ್ನು ಬೀಳಿಸಿದವರು ಯಾರು ಎಂದು ವಿಚಾರಿಸುತ್ತಿದ್ದರು.

ಅಂಕಪಟ್ಟಿ ಹಾಕಿದಾಗ ಆದದ್ದು ಇಷ್ಟು. ಗುಂಡ್ಲುಪೇಟೆ ನಾಲ್ಕು ಗೆಲುವು, ಒಂದು ಸಮ, ಒಂದು ಸೋಲು. ಚಾಮರಾಜನಗರವೂ ನಾಲ್ಕು ಗೆಲುವು, ಒಂದು ಸಮ, ಒಂದು ಸೋಲು. ಆ ಸೋಲು ಗುಂಡ್ಲುಪೇಟೆಗೆ ಹೋದಾಗ ಆದದ್ದು. ಪುಣಜನೂರು ಮೂರನೆಯದು, ತೆರಕಣಾಂಬಿ ನಾಲ್ಕನೆಯದು, ಇದರಲ್ಲಿ ತಕರಾರಿಲ್ಲ. ಮೇಲಿನ ಎರಡರಲ್ಲಿ ಯಾರು ಮೊದಲು? ಎಲ್ಲರೂ ನನ್ನ ಮುಖ ನೋಡಿದರು. ನಾನು ಮಿಲಿಟರಿ ಸಿದ್ದಪ್ಪನ ಮುಖ ನೋಡಿದೆ. ಆಟ ತಂದವನು ಅವನು, ಅದರ ಕೊನೆಯ ರೂಲೂ ಅವನಿಗೆ ಗೊತ್ತಿರಬೇಕೆಂದು ನಾವೆಲ್ಲ ನೆಚ್ಚಿಕೊಂಡಿದ್ದೆವು. ಅವನು ಮೀಸೆ ತಿರುವಿಕೊಂಡು, "ನಾನು ನೋಡಿದ್ದು ಒಂದ್ ಸಂಜೆ ಆಟ ಮಾಸ್ಟ್ರೇ. ಮಾರನೇ ದಿನ್ವೇ ನಮ್ನ ಹಡಗು ಅತ್ತುಸ್ಬುಟ್ರು" ಎಂದ.

ಒಂದು ಬೇಸಿಗೆಯೆಲ್ಲ ಓಡಿಸಿದ ಗಾಡಿಗೆ ಕೊನೆಯ ನಿಲ್ದಾಣ ಯಾವುದೆಂದು ಯಾರೂ ಕೇಳಿರಲೇ ಇಲ್ಲ. ಪ್ರತಿಯೊಬ್ಬರೂ ತಮಗೆ ತೋರಿದ ಲೆಕ್ಕವೇ ಲೋಕದ ಲೆಕ್ಕ ಎಂದುಕೊಂಡು ಆಡಿದ್ದರು. ರಾಚಪ್ಪನ ವಾದ ಸರಳವಾಗಿತ್ತು: ಆರೂ ಪಂದ್ಯದ ಅಂಕಗಳನ್ನು ಒಟ್ಟು ಕೂಡಬೇಕು, ಹೆಚ್ಚಿದ್ದವರು ಮೊದಲು. ಪುಣಜನೂರಿನ ಮುಳ್ಳಿನ ಕೃಪೆಯಿಂದ ಈ ಲೆಕ್ಕದಲ್ಲಿ ನಮ್ಮೂರು ಮುಂದಿತ್ತು. ಓಟು ಎಣಿಸುವಾಗ ಹೆಚ್ಚು ಬಂದವನು ಗೆದ್ದ ಅನ್ನುವುದಿಲ್ಲವೇ, ಇದೂ ಹಾಗೆಯೇ ಎಂದು ಅವನು ಸಾಧಿಸಿದ. ಆಗಿನ್ನೂ ಚುನಾವಣೆ ಎಂಬುದು ಎಲ್ಲರಿಗೂ ಹೊಸದು, ಪ್ರತಿ ವಾದಕ್ಕೂ ಅದನ್ನು ಎಳೆದು ತರುತ್ತಿದ್ದರು. ಗುಂಡ್ಲುಪೇಟೆಯವರು, ಒಂದೊಂದು ಪಂದ್ಯವೂ ಒಂದೊಂದು ಕ್ಷೇತ್ರ, ಒಂದು ಕ್ಷೇತ್ರದಲ್ಲಿ ಮಿಕ್ಕ ಓಟನ್ನು ಇನ್ನೊಂದಕ್ಕೆ ಸುರಿಯುವುದುಂಟೇ ಎಂದು ಕೇಳಿದರು. ಇಬ್ಬರೂ ಎದುರುಬದುರು ಆಡಿದ್ದರಲ್ಲಿ ಒಂದನ್ನು ತಾವು ಗೆದ್ದಿದ್ದೇವೆ, ಒಂದು ಸಮ, ಆದ್ದರಿಂದ ತಾವೇ ಮೊದಲು ಎಂಬುದು ಅವರ ವಾದ. ರಾಚಪ್ಪ ಸೋಲುವವನಲ್ಲ, ಪರಊರಿಗೆ ಹೋಗಿ ಗೆದ್ದದ್ದು ಯಾರು ಹೆಚ್ಚು ಎಂದು ಇನ್ನೊಂದು ಲೆಕ್ಕ ತೆಗೆದ. ಅವರು, ಓಟಗಳಲ್ಲಿ ಮೊದಲು ಬಂದವರು ಯಾವ ಊರವರು ಹೆಚ್ಚು ಎಂದು ಮತ್ತೊಂದು ತೆಗೆದರು. ಪುಣಜನೂರಿನ ನಾಯಕ ಜಡೇಗೌಡ ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದವನು, "ಸೈಕಲ್ ತುಳ್ದಿದ್ರಲ್ಲಿ ಯಾರು ಮುಂದು ಅಂತ ತಾನೇ? ಬರೋವಾಗೊಂದು ರೇಸು, ಓಗೋವಾಗೊಂದು ರೇಸು. ಬಸ್ಸಲ್ಲಿ ಕೂತ್ಕಂಡು ಬಂದೋರ್ನ ಯಾವ ಲೆಕ್ಕಕ್ಕೆ ಸೇರ್ಸ್ತೀರಿ ಮಾಸ್ಟ್ರೇ?" ಎಂದ. ಸಭೆ ನಕ್ಕಿತು. ನಾನು ನಗಲಿಲ್ಲ. ಆ ಪದ್ಧತಿಯಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಮಳೆ ಬಂತು, ಕೆರೆಗೆ ನೀರು ಬಂತು, ತೀರ್ಮಾನ ಬರಲಿಲ್ಲ. ಗೆದ್ದ ಊರಿಗೆಂದು ತಂದಿದ್ದ, ಬೆಳ್ಳಿಯ ನೀರು ಕುಡಿಸಿದ ಹಿತ್ತಾಳೆಯ ಕಪ್ ನಮ್ಮ ಮನೆಯ ಗೂಡಿನಲ್ಲಿ ಕುಳಿತಿತ್ತು. ಆದರೆ ಬಿಡುವ ಜಾಯಮಾನ ನನ್ನದಲ್ಲ. ಪ್ರತಿ ಸಂಜೆ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಪಟ್ಟಿ ಬರೆಯುತ್ತಿದ್ದೆ. ಪ್ರತಿ ಬೆಳಿಗ್ಗೆ ನಾಗಮ್ಮ ಅದರ ಮೇಲೆ ನೀರು ಹಾಕಿ ಸಾರಿಸಿ ರಂಗೋಲಿ ಬಿಡುತ್ತಿದ್ದಳು. ಅವಳ ಚುಕ್ಕಿಗಳು ಎಣಿಸಿದ್ದಕ್ಕೆ ಸರಿಯಾಗಿ ಕೂಡಿಕೊಳ್ಳುತ್ತಿದ್ದವು, ನನ್ನವು ಕೂಡುತ್ತಿರಲಿಲ್ಲ. ಅಷ್ಟಾದರೂ ಕೊನೆಗೆ ಒಂದು ನಿಶ್ಚಯಕ್ಕೆ ಬಂದೆ. ಇಬ್ಬರು ಸಮಸಮವಾಗಿ ನಿಂತಾಗ ಅವರಿಬ್ಬರೇ ಎದುರಾದಾಗ ಏನಾಯಿತು ಎಂಬುದೇ ಮುಖ್ಯ. ಮೂರನೆಯ ಊರಿನ ಮುಳ್ಳು ಇವರ ನಡುವೆ ತೀರ್ಪು ಹೇಳಕೂಡದು. ಅಂದರೆ ಗುಂಡ್ಲುಪೇಟೆಯೇ ಮೊದಲು. ನಮ್ಮೂರಿಗೆ ಇದು ಕಹಿ. ಆದರೆ ನ್ಯಾಯಕ್ಕೆ ಊರಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಸಮಿತಿ ಕರೆಯುವ ದಿನವನ್ನೂ ಗೊತ್ತುಮಾಡಿದೆ.

ಅಷ್ಟರಲ್ಲಿ ಗೌರಿ ಹಬ್ಬ ಹತ್ತಿರ ಬಂತು. ಮದುವೆಯಾದ ಮಗಳಿಗೆ ಮೊದಲ ಗೌರಿ ತವರಿನಲ್ಲಿ ಆಗಬೇಕು. ತಂದೆತಾಯಿ ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ ಬೀಗರನ್ನು ಕೇಳಿ ಕರೆದುಕೊಂಡು ಬರಬೇಕು. ನಾಗಮ್ಮ ಒಂದು ತಿಂಗಳಿಂದ ಇದೊಂದನ್ನೇ ಜಪಿಸುತ್ತಿದ್ದಳು. ನಾನು ಜಪಿಸುತ್ತಿರಲಿಲ್ಲ, ಆದರೆ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದು ಸರೋಜಳ ಕೆಲಸವಾಗಿತ್ತು. ಅವಳು ಹೋದಮೇಲೆ ಅದು ಎರಡು ಸಲ ನಿಂತುಹೋಗಿತ್ತು. ನನ್ನಂಥವನ ಮನೆಯಲ್ಲಿ ಗಡಿಯಾರ ನಿಲ್ಲುವುದೆಂದರೆ ಏನೆಂದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಇಬ್ಬರೂ ಹೊರಟೆವು. ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಅಲ್ಲಿನ ತಂಡದ ಹುಡುಗರು ಕಿಟಕಿಗೆ ಬಂದು ತಾವು ನಾಲ್ಕನೆಯವರೇ ತಾನೇ, ಬದಲಾಗುವುದಿಲ್ಲ ತಾನೇ ಎಂದು ವಿಚಾರಿಸಿಕೊಂಡರು. ಈ ಇಡೀ ವ್ಯವಹಾರದಲ್ಲಿ ನೆಮ್ಮದಿಯಾಗಿದ್ದವರು ಅವರು ಮಾತ್ರ.

ಮಹದೇವಪ್ಪನವರ ಮನೆಯಲ್ಲಿ ಉಪಚಾರಕ್ಕೆ ಕಡಿಮೆಯಿರಲಿಲ್ಲ. ಕಾಲಿಗೆ ನೀರು, ಕಾಫಿ, ಊಟ, ಎಲೆಯಡಿಕೆ ಎಲ್ಲ ಆಯಿತು. ಮಳೆಯ ವಿಷಯ, ಜೋಳದ ವಿಷಯ, ಮದ್ದೂರು ಕಾಡಿನ ಕಡೆಯಿಂದ ಹೊಲಕ್ಕೆ ಬಂದ ಆನೆಯ ವಿಷಯ ಮಾತಾಡಿದರು. ಕಪ್ಪಿನ ವಿಷಯ ಎತ್ತಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಸರೋಜ ನನ್ನನ್ನೇ ನೋಡುತ್ತಿದ್ದಳು. ನಾಗಮ್ಮ ಕುಂಕುಮದ ಬಟ್ಟಲು ಮುಂದಿಟ್ಟು ಬಂದ ಕಾರಣ ಹೇಳಿದಳು. ಮಹದೇವಪ್ಪನವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಕಳ್ಸೋಕೇನು ಬೀಗ್ರೇ, ಕಳ್ಸ್‌ಬೋದು. ನಿಮ್ಮ ಕಮಿಟಿ ತೀರ್ಮಾನ ಒಂದ್ ಆಗೋಗ್ಲಿ. ಆಮೇಲೆ ನೋಡಾನ" ಎಂದರು.

ಮಾತು ಮೃದುವಾಗಿಯೇ ಇತ್ತು. ವಾಪಸ್ಸು ಬರುವ ಬಸ್ಸಿನಲ್ಲಿ ನಾಗಮ್ಮ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಕೇಳಿದಳು.

"ಗುಂಡ್ಲುಪೇಟೆ ಮೇಲೆ ಬರೋ ಹಾಗೆ ಯಾವುದಾದರೂ ಲೆಕ್ಕ ಇದೆಯಾ?"

"ಇದೆ" ಎಂದೆ.

"ಹಾಗಾದ್ರೆ ಅದೇ ಸರಿಯಾದ ಲೆಕ್ಕ."

"ಅದೇ ಸರಿಯಾದ ಲೆಕ್ಕ ಅಂತ ನಾನು ಹೋದ ವಾರವೇ ತೀರ್ಮಾನ ಮಾಡಿದ್ದೆ ಕಣೇ."

"ಮತ್ತೆ ಮುಖ ಯಾಕೆ ಹಾಗೆ ಮಾಡಿಕೊಂಡಿದ್ದೀರಿ?"

ಮುಖ ಹಾಗಾದದ್ದಕ್ಕೆ ಕಾರಣವಿತ್ತು. ಹೋದ ವಾರ ಅದು ನ್ಯಾಯವಾಗಿತ್ತು. ಈ ವಾರ ಅದನ್ನೇ ಹೇಳಿದರೆ ಬೀಗರಿಗೆ ಹೆದರಿದಂತೆ. ಹೆದರಲಿಲ್ಲ ಎಂದು ತೋರಿಸಲು ರಾಚಪ್ಪನ ಲೆಕ್ಕ ಹಿಡಿದರೆ ಜನಕ್ಕೆ ಹೆದರಿದಂತೆ, ಮಗಳ ಹಬ್ಬವೂ ಹೋಯಿತು. ಇನ್ನೂ ಒಂದು ಸಂಕಟವೆಂದರೆ, ನಾನು ಹೋದ ವಾರ ತೀರ್ಮಾನ ಮಾಡುವಾಗಲಾದರೂ ಮಗಳ ನೆನಪು ಮನಸ್ಸಿನ ಯಾವ ಮೂಲೆಯಲ್ಲೂ ಇರಲಿಲ್ಲವೇ ಎಂದು ನನ್ನನ್ನೇ ನಾನು ಅಡ್ಡಪ್ರಶ್ನೆ ಮಾಡತೊಡಗಿದ್ದೆ. ಪ್ರಾಮಾಣಿಕನಾದವನು ಲಾಭವಿಲ್ಲದಿದ್ದಾಗ ಮಾತ್ರ ಪ್ರಾಮಾಣಿಕನಾಗಿ ಕಾಣುತ್ತಾನೆ. ಲಾಭವೂ ಸೇರಿಕೊಂಡರೆ ಅವನ ಗತಿ ಯಾರಿಗೂ ಬೇಡ. ತೆರಕಣಾಂಬಿ ದಾಟುವ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿದೆ. ಸರಿ ಎಂದು ಕಂಡದ್ದನ್ನು, ಅದರಿಂದ ನನಗೆ ಒಳ್ಳೆಯದಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬಿಡುವುದು ಅನ್ಯಾಯ. ಯಾರು ಏನೇ ಅನ್ನಲಿ, ಹೇಳಿಬಿಡುವುದು.

ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಸಮಿತಿ ಸೇರಿತು. ನಾನು ಎದ್ದು ನಿಂತು ಕಾರಣಸಹಿತವಾಗಿ ಗುಂಡ್ಲುಪೇಟೆ ಮೊದಲನೆಯದೆಂದು ಹೇಳಿ ಕುಳಿತೆ. ಗುಂಡ್ಲುಪೇಟೆಯಿಂದ ಬಂದಿದ್ದ ಇಬ್ಬರು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದನ್ನು ನೋಡಿ ನಿಲ್ಲಿಸಿದರು. ರಾಚಪ್ಪ ಕೂಗಾಡುತ್ತಾನೆಂದು ನಾನು ಸಿದ್ಧನಾಗಿದ್ದೆ. ಅವನು ಕೂಗಲಿಲ್ಲ. ನಿಧಾನವಾಗಿ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಸರಿ ಬುಡಿ ಮಾಸ್ಟ್ರೇ. ಎಂಗೂ ಗೌರಿ ಅಬ್ಬ ಬಂತು. ಕಪ್ಪನ್ನ ಮೊರದಲ್ಲಿಟ್ಟು, ಮೇಲೊಂದು ಮೊರ ಮುಚ್ಚಿ, ಮಗಳ ಮನೆಗೆ ಬಾಗಿನ ಕಳ್ಸ್‌ಬುಡಿ" ಎಂದ.

ಈ ಮಾತು ನನಗಿಂತ ಮೊದಲು ಮನೆ ಸೇರಿತು. ಮಾರನೆಯ ದಿನ ಬೆಳಗಿನ ಬಸ್ಸಿನಲ್ಲಿ ಗುಂಡ್ಲುಪೇಟೆಗೂ ಹೋಯಿತು. ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ನಾಗಮ್ಮ ಬಾಗಿನಕ್ಕೆಂದು ತಂದ ಮೊರಗಳಿಗೆ ಅರಿಶಿನ ಹಚ್ಚುವುದನ್ನು ನಿಲ್ಲಿಸಿ ಒಳಗೆ ಹೋಗಿ ಕುಳಿತುಬಿಟ್ಟಳು. ನಾನು ಅವಳಿಗೆ ಧೈರ್ಯ ಹೇಳಲು ಹೋದವನು ಗಡಿಯಾರ ನೋಡಿದೆ. ಆಗ ಬಾಗಿಲಲ್ಲಿ ಜಟಕಾ ನಿಂತಿತು. ಮೊದಲು ಮಹದೇವಪ್ಪನವರು ಇಳಿದರು, ಹಿಂದೆ ಟ್ರಂಕು ಇಳಿಯಿತು, ಅದರ ಹಿಂದೆ ಸರೋಜ.

ಮಹದೇವಪ್ಪನವರು ಜಗುಲಿಯ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದರು. "ಸೊಸೆ ತವರಿಂದ ಬಾಗಿನ ಬಂತು ಅಂತ ಅನ್ನುಸ್ಕೊಂಡು ಆ ಕಪ್ ಇಟ್ಕೊಳ್ಳೋ ಗತಿ ಗುಂಡ್ಲುಪೇಟೆಗೆ ಬಂದಿಲ್ಲ ಬೀಗ್ರೇ. ಒಟ್ಟು ಅಂಕದ ಲೆಕ್ಕವೇ ಹಿಡೀರಿ, ನಿಮ್ಮೂರಿಗೇ ಕೊಟ್ಬುಡಿ. ಕಪ್ ಇಲ್ದಿದ್ಕೆ ಸೊಸೇನ ತಡೆದ ಅಂತಾನೂ ಯಾರೂ ಅನ್ನಬಾರದು. ಅದ್ಕೇ ನಾನೇ ಕರ್ಕೊಂಡು ಬಂದೆ. ಹಬ್ಬ ಮುಗಿದ್ಮೇಲೆ ಕಳ್ಸ್‌ಕೊಡಿ."

ಕಾಫಿಯನ್ನು ಮಾತ್ರ ಕುಡಿದರು. ಅದನ್ನೂ ನಿಂತೇ ಕುಡಿದರು. ಅವರು ಹೊರಟ ಮೇಲೆ ನಾನು ರಾಚಪ್ಪನ ಶಾಪಿಗೆ ಹೋಗಿ ವಿಷಯ ತಿಳಿಸಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನು ತಲೆ ಎತ್ತದೆ, ಗುಂಡ್ಲುಪೇಟೆಯವರು ಬೇಡವೆಂದು ಬಿಸಾಕಿದ್ದನ್ನು ಎತ್ತಿಕೊಳ್ಳುವಷ್ಟು ಚಾಮರಾಜನಗರ ಕೆಟ್ಟಿಲ್ಲ, ಎದುರುಬದುರಿನ ಲೆಕ್ಕವೇ ಸರಿ, ಅವರಿಗೇ ಕೊಡಿ ಎಂದ. ಹೀಗೆ ಮೂರು ತಿಂಗಳು ತಮ್ಮ ತಮ್ಮ ಲೆಕ್ಕಕ್ಕೆ ಗಂಟಲು ಹರಿದುಕೊಂಡ ಎರಡು ಊರುಗಳು ಒಂದೇ ದಿನದಲ್ಲಿ ಲೆಕ್ಕಗಳನ್ನು ಅದಲು ಬದಲು ಮಾಡಿಕೊಂಡು, ಅಷ್ಟೇ ಹಟದಿಂದ ನಿಂತವು. ಸಂಜೆ ಜಡೇಗೌಡ ಬಂದ. ಸಂತೆಗೆ ಬಂದಿದ್ದನಂತೆ. ಸಮಾಚಾರವೆಲ್ಲ ಕೇಳಿ, "ಮೇಲಿನ ಇಬ್ರೂ ಬ್ಯಾಡ ಅಂದ್ರಾ? ಮೂರ್ನೇ ನಂಬ್ರ ನಮ್ದು ಅನ್ನೋದ್ರಲ್ಲಿ ತಕರಾರಿಲ್ಲ ತಾನೇ? ಮುಂದ್ಲೋರು ಎದ್ದೋದ್ಮೇಲೆ ಯಾರು ಮಾಸ್ಟ್ರೇ ಮೊದ್ಲು?" ಎಂದು ಕೇಳಿದ. ನಾನು ಬಹಳ ಯೋಚಿಸಿದೆ. ಈ ವಾದದಲ್ಲಿ ಬಿರುಕು ಹುಡುಕಿದೆ, ಸಿಗಲಿಲ್ಲ. ಅವನು ಕಪ್ಪನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಂಡು, ಹುಲ್ಲು ತುಂಬಿದ ಟೈರುಗಳ ಮೇಲೆ ಪುಣಜನೂರಿನ ದಾರಿ ಹಿಡಿದ. ಎರಡು ಊರಿನವರೂ ಮರುದಿನದಿಂದ ನನ್ನನ್ನು ಒಟ್ಟಾಗಿ ಬಯ್ದರು. ಆ ಎರಡೂರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಬ್ಬ ಚೆನ್ನಾಗಿ ಆಯಿತು. ಗೌರಿ ಬಂದಳು, ಗಣೇಶ ಬಂದ, ಕಡುಬಾಯಿತು. ಮೂರನೆಯ ದಿನ ಬೆಳಿಗ್ಗೆ ನಾನು ಪದ್ಧತಿಯಂತೆ ಸರೋಜಳನ್ನು ಗುಂಡ್ಲುಪೇಟೆ ಬಸ್ಸಿಗೆ ಹತ್ತಿಸುವ ವೇಳೆಯನ್ನು ಯೋಚಿಸುತ್ತಾ ಕುಳಿತಿದ್ದಾಗ ನಾಗಮ್ಮ ಬಂದು ಎದುರಿಗೆ ನಿಂತಳು. ಬೀಗರು ಹಬ್ಬ ಮುಗಿದ ಮೇಲೆ ಕಳಿಸಿ ಅಂದರಲ್ಲ, ಹಬ್ಬ ಯಾವತ್ತಿಗೆ ಮುಗಿದ ಲೆಕ್ಕ ಎಂದು ಕೇಳಿದಳು. ಸರೋಜ ಮೂಲೆಯಲ್ಲಿ ಹೂ ಕಟ್ಟುತ್ತಿದ್ದಳು. ಕೈ ನಿಧಾನವಾಯಿತು.

ನಾನು ತತ್ವದ ಮನುಷ್ಯ. ಪಂಚಾಂಗ ತರಿಸಿಕೊಂಡೆ, ಕನ್ನಡಕ ಹಾಕಿಕೊಂಡೆ. ನಮ್ಮ ಮನೆಯ ಗೌರಿಯೇನೋ ಎದ್ದಾಗಿತ್ತು. ಆದರೆ ಹಬ್ಬವೆಂಬುದು ಒಂದು ಮನೆಯದೋ ಒಂದು ಸೀಮೆಯದೋ? ಸೀಮೆಯದೇ ಎಂದು ತೀರ್ಮಾನಿಸಿದೆ. ನಮ್ಮ ಸೀಮೆಯಲ್ಲಿ ಗೌರಿಯನ್ನು ಹನ್ನೆರಡು ದಿನ ಕೂರಿಸುವ ಊರಿದೆ. ಆದ್ದರಿಂದ ಅಲ್ಲಿಯವರೆಗೆ ಹಬ್ಬ ಮುಗಿದಂತಲ್ಲ. ಅದು ಮುಗಿಯುತ್ತಿದ್ದಂತೆ ಪಿತೃಪಕ್ಷ. ಪಿತೃಪಕ್ಷದಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅದು ಮುಗಿದ ಮಾರನೆಯ ದಿನವೇ ನವರಾತ್ರಿ. ನನ್ನ ಸರ್ವೀಸಿನಲ್ಲಿ ಒಂದು ಗಾಡಿ ಇಳಿದರೆ ಮುಂದಿನ ಗಾಡಿ ಇಷ್ಟು ಅಚ್ಚುಕಟ್ಟಾಗಿ ಸಿಕ್ಕಿದ್ದನ್ನು ನಾನು ಕಂಡಿರಲಿಲ್ಲ. ವಿಜಯದಶಮಿಯವರೆಗೆ ಕಳಿಸುವಂತಿಲ್ಲ ಎಂದು ಪಂಚಾಂಗ ಮುಚ್ಚಿದೆ. ನಾಗಮ್ಮ ಟ್ರಂಕನ್ನು ಅಟ್ಟದ ಮೇಲೆ ಹಾಕಿಸಲು ಹೋದಳು.

"ಅಪ್ಪಾ, ಮಾವನೋರು ಹಬ್ಬ ಅಂದಿದ್ದು ಮೂರು ದಿನದ ಲೆಕ್ಕದಲ್ಲಿ ಕಣಪ್ಪಾ" ಎಂದಳು ಸರೋಜ, ನಗು ತಡೆದುಕೊಂಡು.

"ಹಾಗಿದ್ದರೆ ಅವರು ನಿಯಮವನ್ನು ಮೊದಲೇ ಹೇಳಬೇಕಾಗಿತ್ತು" ಎಂದೆ.